ಮೂಲೆ ಹರಿದ ಕಾರ್ಡು

ಭಾಲ್ಕಿ
22 ಜನವರಿ 1957

ಕಾಂತಾ,

ಪತ್ರದ ತಲೆಗೆ ಎಲ್ಲರೂ ಬರೆಯುವ ಕ್ಷೇಮದ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಮೊನ್ನೆ ಭಾನುವಾರ ನಿಮ್ಮ ದವಾಖಾನೆಯ ವರಾಂಡದಲ್ಲಿ ಡಾಕ್ಟರ್ ಶರಫೋದ್ದೀನ ಸಾಹೇಬರು ನನಗೆ ಹೇಳಿದ್ದನ್ನು ನೀನೂ ಪಕ್ಕದಲ್ಲೇ ನಿಂತು ಕೇಳಿದ್ದೀ. "ಹೊಟ್ಟಿ ಕೊಯ್ದು ನೋಡಿದ್ವಿ ಬಾಯಿ. ಗಡ್ಡಿ ಎಲ್ಲಾ ಕಡಿ ಹಬ್ಬ್ಯಾದ. ಕೈ ಹಚ್ಚೂ ಹಂಗ ಇಲ್ಲಂತ ಹಂಗೇ ಹೊಲದೀವಿ. ಎರಡು ತಿಂಗಳು, ಭಾಳಂದ್ರ ಮೂರು." ಅಷ್ಟು ಹೇಳಿ ಅವರು ಕೈ ತೊಳೆಯಲು ಹೋದರು. ನಾನು ಅಪ್ಪನ ಮಂಚದ ಹತ್ತಿರ ಹೋಗಲೇ ಇಲ್ಲ. ಬಾಗಿಲಿನಿಂದಲೇ ನೋಡಿ ರೈಲು ಹಿಡಿದೆ. ಹೋಗಿದ್ದರೆ ನನ್ನ ಮುಖ ನೋಡಿ ಅವರಿಗೆ ಎಲ್ಲಾ ತಿಳಿದುಬಿಡುತ್ತಿತ್ತು.

ನಿನ್ನಿಂದ ಎರಡು ಕೆಲಸ ಆಗಬೇಕು. ಒಂದು, ಗಡ್ಡೆ ತೆಗೆದಿದ್ದಾರೆ, ಗುಣವಾಗುತ್ತೀರಿ ಎಂದು ಅಪ್ಪನಿಗೆ ಹೇಳು. ಎರಡು, ವಾರಕ್ಕೊಂದು ಕಾರ್ಡು ಔರಾದಕ್ಕೆ ಅವ್ವನಿಗೆ ಬರೆ, ಅದರಲ್ಲೂ ಅದನ್ನೇ ಬರೆ. ಉರ್ದುವಿನಲ್ಲಿ ಬರೆದರೆ ಟಪಾಲಿನ ಖಾಜಾ ಮಿಯಾ ಓದಿ ಹೇಳುತ್ತಾನೆ. ಅವ್ವ ಬಸ್ಸು ಹತ್ತಿದವಳಲ್ಲ. ನಿಜ ಗೊತ್ತಾದರೆ ಬಳೆ ಅಂಗಡಿಯ ಬಾಗಿಲು ತೆರೆದಿಟ್ಟೇ ನಡೆದು ಬಂದಾಳು, ಬಂದು ಮಂಚದ ಮುಂದೆ ಎದೆ ಬಡಿದುಕೊಂಡಾಳು. ಅಪ್ಪ ಅವತ್ತೇ ಹೋಗುತ್ತಾರೆ. ನಿಜ ಹೇಳಿದರೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಬೇಕೇ? ಬಗದಲ್ ಊರಿನ ಮುನವ್ವರ ಬೇಗಂಳ ಸಂಗತಿ ನೀನೇ ಹೇಳಿದ್ದೆ.

ನನಗೆ ಈಗ ರಜೆ ಇಲ್ಲ. ನಾವೆಲ್ಲ ಉರ್ದುವಿನಲ್ಲಿ ಕಲಿತು ಉರ್ದುವಿನಲ್ಲಿ ಕಲಿಸಿದ ಶಾಲೆಯ ಬಾಯಿಯರು. ನವೆಂಬರಿನಿಂದ ಮೈಸೂರು ರಾಜ್ಯದವರಾಗಿದ್ದೇವೆ. ಮಾರ್ಚ್ 5ಕ್ಕೆ ಗುಲಬರ್ಗಾದಲ್ಲಿ ಕನ್ನಡ ಪರೀಕ್ಷೆ. ಕೂರದಿದ್ದರೆ ನೌಕರಿ ಇಲ್ಲ. ಅದಕ್ಕೇ ಈ ಪತ್ರವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಕೈ ತಿರುಗಲಿ ಎಂದು. ಔರಾದದ ಮಠದಲ್ಲಿ ಅಯ್ಯನವರು ನಮ್ಮಿಬ್ಬರಿಗೂ ಕಲಿಸಿದ ಅಕ್ಷರ ಈಗ ಅನ್ನಕ್ಕೆ ಬಂದಿದೆ. ನೀನೂ ಕನ್ನಡದಲ್ಲೇ ಬರೆ.

ನಿನ್ನ ಓಣಿಯ
ಕೇಶರಬಾಯಿ


ಬೀದರ
31 ಜನವರಿ 1957

ಕೇಶರ,

ನಿನ್ನ ಪತ್ರ ಬಂದು ವಾರವಾಯಿತು. ಉತ್ತರ ಬರೆಯಲು ಮನಸ್ಸಾಗಲಿಲ್ಲ. ಹನ್ನೊಂದು ವರ್ಷದ ಹಿಂದೆ ನಾನು ನರ್ಸ್ ಕೆಲಸ ಕಲಿಯಲು ಹೈದರಾಬಾದಿಗೆ ಹೊರಟಾಗ, ಕಂಡವರ ಹೊಲಸು ಎತ್ತುವ ಕೆಲಸ ಎಂದು ಓಣಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು. ಈಗ ನಿನ್ನ ಪಾಲಿನ ಸುಳ್ಳನ್ನೂ ನಾನೇ ಎತ್ತಬೇಕು. ಆಗಲಿ, ಅಭ್ಯಾಸವಿದೆ.

ಇದು ಗಾಂಧಿ ಗಂಜ್ ಪೇಟೆಯ ನಾಲ್ಕು ಜನ ವ್ಯಾಪಾರಿಗಳು ಕೂಡಿ ಕಟ್ಟಿಸಿದ ಧರ್ಮ ದವಾಖಾನೆ. ಇಲ್ಲಿಯ ಕಾಯ್ದೆ ಒಂದೇ: ರೋಗದ ಮಾತು ಡಾಕ್ಟರು ಮನೆಯವರಿಗೆ ಹೇಳಬೇಕು, ಮನೆಯವರು ಬೇಕೆಂದರೆ ರೋಗಿಗೆ ಹೇಳಬೇಕು. ನರ್ಸ್ ಯಾರಿಗೂ ಹೇಳಬಾರದು. ಆದರೆ ರೋಗಿ ಕೇಳುವುದು ನರ್ಸನ್ನೇ. ಡಾಕ್ಟರು ದಿನಕ್ಕೆ ಎರಡು ನಿಮಿಷ ನಿಲ್ಲುತ್ತಾರೆ, ಮನೆಯವರು ಬಾಗಿಲಲ್ಲಿ ನಿಂತು ಹೋಗುತ್ತಾರೆ. ಮುನವ್ವರ ಬೇಗಂಗೂ ಹಾಗೇ ಆದದ್ದು. ಆಕೆ ನನ್ನ ಸೆರಗು ಹಿಡಿದು ಕೇಳಿದಳು, ನಾನು ಹೇಳಿದೆ. ಗೋಡೆಗೆ ಮುಖ ಮಾಡಿ ಮಲಗಿದವಳು ಒಂದು ತುತ್ತೂ ಮುಟ್ಟಲಿಲ್ಲ. ಡಾಕ್ಟರ್ ಸಾಹೇಬರು ನನ್ನನ್ನು ಕರೆದು, "ಬೀಮಾರಿಗಿ ಇನ್ನಾ ಮೂರು ತಿಂಗಳು ಬೇಕಿತ್ತು. ನಿನ್ನ ನಾಲಿಗಿಗಿ ಎಂಟೇ ದಿನ ಸಾಕಾಯ್ತು" ಎಂದರು. ನನ್ನ ಗಾಯಕ್ಕೇ ನೀನು ಸರಿಯಾಗಿ ಬೆರಳಿಟ್ಟಿದ್ದೀ.

ನಿಮ್ಮಪ್ಪನಿಗೆ ಹೇಳಿದ್ದೇನೆ. "ಗಡ್ಡಿ ತೆಗದಾರೇನ ಮಗಳ?" ಎಂದು ಕೇಳಿದರು. "ತೆಗದಾರರಿ ಕಾಕಾ" ಎಂದೆ. ಅಂದಿನಿಂದ ವೈಜಿನಾಥ ಕಾಕಾ ಹೊಟ್ಟೆಯ ಹೊಲಿಗೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಪಕ್ಕದ ಮಂಚದ ಮನ್ನಳ್ಳಿಯ ಮುರ್ತುಜಾನಿಗೂ ಹೊಟ್ಟೆಯದೇ ಆಪರೇಷನ್. ಯಾರ ಹೊಲಿಗೆ ಉದ್ದ ಎಂದು ಇಬ್ಬರೂ ಗೇಣು ಹಾಕಿ ಅಳೆದರು.

ಕಾಕಾ ಹೆಂಗಸರ ಮುಖ ನೋಡುವುದಿಲ್ಲ, ಮೊದಲು ಕೈ ನೋಡುತ್ತಾರೆ. ನಲವತ್ತು ವರ್ಷ ಬಳೆ ಇಡಿಸಿದ ಕಣ್ಣು. ನನ್ನನ್ನು ಕಂಡ ಮೊದಲ ದಿನ ಕೇಳಿದ್ದೇ "ಏನ ಮಗಳ, ಬೋಳಗೈ?" ಎಂದು. "ಕಾಯ್ದಾ ಅದರಿ ಕಾಕಾ. ಸೂಜಿ ಹಿಡಿಯೂ ಕೈಗಿ ಬಳಿ ಇರಬಾರದು" ಎಂದೆ. "ಕೆಟ್ಟ ಕಾಯ್ದಾ" ಎಂದು ಆ ಕಡೆ ಹೊರಳಿದರು. ಊಟದ ತಾಟು ತರುವವಳ ಮಣಿಕಟ್ಟಿನ ಸವೆದ ಹಳೆ ಬಳೆ ನೋಡಿ, ಆಕೆ ತವರಿಗೆ ಹೋಗಿ ಎರಡು ವರ್ಷವಾಯಿತು ಎಂದು ಹೇಳಿಬಿಟ್ಟರು. ನಿಜವಿತ್ತು. ಆಕೆ ಅತ್ತಳು.

ಮೊದಲ ಕಾರ್ಡು ಕಾಕಾನೇ ಹೇಳಿ ಬರೆಸಿದರು. ಗಡ್ಡೆ ತೆಗೆದಿದ್ದಾರೆ, ಹಸಿರು ಬಳೆಯ ಪೆಟ್ಟಿಗೆಗೆ ಬಿಸಿಲು ತಾಗದಂತೆ ನೋಡಿಕೋ, ಬರುತ್ತೇನೆ. ನಾನು ಕಟ್ಟಿದ ಸುಳ್ಳನ್ನು ಅವರ ಬಾಯಿಯಿಂದ ಕೇಳಿ, ನನ್ನ ಕೈಯಿಂದ ಬರೆದೆ. ಖಾಜಾ ಮಿಯಾ ಓದಿರಬೇಕು, ನಿಮ್ಮವ್ವ ಶೇವಂತಾ ಕಾಕು ನಕ್ಕಿರಬೇಕು.

ಕಾಂತಾಬಾಯಿ


ಬೀದರ
17 ಫೆಬ್ರುವರಿ 1957

ಕೇಶರ,

ನಿನ್ನ ಉತ್ತರಕ್ಕೆ ಕಾಯದೆ ಮತ್ತೆ ಬರೆಯುತ್ತಿದ್ದೇನೆ. ಮುರ್ತುಜಾನ ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದರು. ಅವನು ಹೋಗುವಾಗ ಕಾಕಾನ ಕೈ ಹಿಡಿದು ಕುಲುಕಿ ಹೋದ. ಆಮೇಲೆ ಕಾಕಾ ನನ್ನನ್ನು ಕರೆದರು.

"ಆಂವಾ ನಾನೂ ಒಂದೇ ವಾರದಾಗ ಕೊಯ್ಸಿಕೊಂಡೀವಿ. ಆಂವಾ ಭಕ್ರಿ ತಿಂದು ಹೋದಾ. ನನಗ ಗಂಜಿನೂ ಇಳಿವಲ್ದು. ಯಾಕ ಮಗಳ?"

"ವಯಸ್ಸಾಗ್ಯಾದಲ್ರಿ ಕಾಕಾ, ತಡಾ ಆಗ್ತದ."

"ನಾ ನಿನ್ನ ಮಾರಿ ನೋಡಿ ಕೇಳಾಕತ್ತೀನಿ. ಖರೇ ಹೇಳು. ಹೋಗೂದ ಇದ್ರ ನಾ ಔರಾದಕ್ಕ ಹೋಗಿ ಹೋಗ್ತೇನಿ."

ನಾನು ಥರ್ಮಾಮೀಟರು ಝಾಡಿಸುತ್ತ ನಿಂತೆ. ಕಾಕಾ ಮೆಲ್ಲಗೆ ಹೇಳಿದರು. ಲಗ್ನವಾದಾಗಿನಿಂದ ಪ್ರತಿ ಬಸವ ಜಯಂತಿಗೆ ಶೇವಂತಾ ಕಾಕುಗೆ ಅವರೇ ಕೈಯಾರೆ ಹೊಸ ಬಳೆ ಇಡಿಸುತ್ತ ಬಂದಿದ್ದಾರಂತೆ. ಬೇರೆ ಯಾರ ಕೈಯೂ ಆಕೆಯ ಕೈಗೆ ಬಳೆ ಏರಿಸಿಲ್ಲವಂತೆ. "ಈ ಸಲದ್ದೊಂದು ಇಡಿಸಿಬಿಡ್ತೇನಿ. ಮುಂದಿಂದು ಮುಂದ. ಹಬ್ಬದ ತನಾ ಇರ್ತೇನಿ ಅನ್ನು, ಇಲ್ಲಾಂದ್ರ ಇಲ್ಲಾ ಅನ್ನು. ಇಲ್ಲಾಂದ್ರ ನಾಳಿಗೇ ಗಾಡಿ ಮಾಡು, ಹಬ್ಬಾ ಇವತ್ತೇ ಅಂತ ತಿಳದು ಇಡಿಸ್ತೇನಿ."

ಹಬ್ಬ ಮೇ ತಿಂಗಳಲ್ಲಿ ಬರುತ್ತದೆ ಕೇಶರ. ಅವರು ಮಾರ್ಚ್ ಮುಗಿಯುವುದನ್ನು ಕಂಡರೆ ಹೆಚ್ಚು. ಈಗ ಇನ್ನೂ ಬಸ್ಸಿನಲ್ಲಿ ಕೂರುವಷ್ಟು ಶಕ್ತಿ ಇದೆ. ಹದಿನೈದು ದಿನ ಕಳೆದರೆ ಅದೂ ಇರುವುದಿಲ್ಲ.

ಮುನವ್ವರ ಬೇಗಂ ಸುಮ್ಮನೆ ಹೆದರಿ ಕೇಳಿದ್ದಳು. ಕಾಕಾ ಹಾಗಲ್ಲ, ಅವರಿಗೆ ಒಂದು ಕೆಲಸ ಬಾಕಿ ಇದೆ. ಹೆದರಿದವರಿಗೆ ಸುಳ್ಳು ಹೇಳಬಹುದೇನೋ, ಕೆಲಸ ಬಾಕಿ ಇರುವವರಿಗೆ ಹೇಳಿದರೆ ಅದು ಕಳ್ಳತನ ಎಂದು ನನಗೆ ಅನ್ನಿಸುತ್ತಿದೆ. ನೀನೇ ಬಂದು ಹೇಳು. ಬರಲಾಗದಿದ್ದರೆ ಹೇಳೆಂದು ನನಗೊಂದು ಸಾಲು ಬರೆ. ಮನೆಯವರು ಒಪ್ಪಿದರೆ ಡಾಕ್ಟರ್ ಸಾಹೇಬರು ಅಡ್ಡ ಬರುವುದಿಲ್ಲ.

ನಿನ್ನ ಒಂದು ಸಾಲಿಗೆ ಕಾದಿರುವ
ಕಾಂತಾಬಾಯಿ


ಭಾಲ್ಕಿ
21 ಫೆಬ್ರುವರಿ 1957

ಕಾಂತಾಬಾಯಿ,

ಬೇಡ. ಪರೀಕ್ಷೆ ಮುಗಿಯಲಿ, ಮಾರ್ಚ್ 7ಕ್ಕೆ ನಾನೇ ಬರುತ್ತೇನೆ, ಆಮೇಲೆ ನೋಡೋಣ. ಅಲ್ಲಿಯ ತನಕ ಬಾಯಿಂದಾಗಲಿ ಬರವಣಿಗೆಯಿಂದಾಗಲಿ ಅಪ್ಪನಿಗೂ ಅವ್ವನಿಗೂ ಒಂದು ಮಾತೂ ತಿಳಿಯಕೂಡದು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಪಾಟಿಯ ಮೇಲೆ ಬರೆದದ್ದು ನಿನಗೆ ನೆನಪಿದ್ದರೆ, ಅದರ ಆಣೆ.

ನಿನಗೆ ದಿನಾ ನಾಲ್ಕು ಸಾವು. ನನಗೆ ಇರುವುದು ಒಬ್ಬ ಅಪ್ಪ.

ಕೇಶರಬಾಯಿ


ಭಾಲ್ಕಿ
8 ಮಾರ್ಚ್ 1957

ಕಾಂತಾಬಾಯಿಗೆ,

ಏನು ಮಾಡಿದ್ದೀ ಎಂದು ನಿನಗೆ ಗೊತ್ತಿದೆಯೋ ಇಲ್ಲವೋ, ಗೊತ್ತಿಲ್ಲದಿದ್ದರೆ ಓದು.

ಶನಿವಾರ ಖಾಜಾ ಮಿಯಾ ಔರಾದದ ನಮ್ಮ ಮನೆಗೆ ಕಾರ್ಡು ತಂದ. ಅದರ ಮೂಲೆ ಹರಿದಿತ್ತು. ಪ್ರತಿ ಸಲ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಓದಿ ಹೇಳುವವನು, ಅವತ್ತು ಹೊಸ್ತಿಲ ಹೊರಗೆ ಕಾರ್ಡು ಇಟ್ಟು, ಟೋಪಿ ತೆಗೆದು, ತಲೆ ತಗ್ಗಿಸಿ ನಿಂತು ಹೋದನಂತೆ. ಮೂಲೆ ಹರಿದ ಕಾರ್ಡು ಎಂದರೆ ಸಾವಿನ ಸುದ್ದಿ. ಅದನ್ನು ಒಳಗೆ ತರುವುದಿಲ್ಲ, ಓದುತ್ತ ಕೂರುವುದಿಲ್ಲ, ಅಲ್ಲೇ ಹರಿದು ಒಗೆಯುತ್ತಾರೆ. ಓಣಿಯ ಹೆಂಗಸರು ಹಾಗೇ ಮಾಡಿದರು. ಹರಿದು ಮೋರಿಗೆ ಒಗೆದರು. ಆಮೇಲೆ ಅವ್ವನನ್ನು ಕೂರಿಸಿ, ಎರಡೂ ಕೈಯನ್ನು ಕಲ್ಲಿಗೆ ಕುಟ್ಟಿ ಬಳೆ ತೆಗೆದರು. ಕುಂಕುಮ ಅಳಿಸಿದರು.

ಸುದ್ದಿ ತಂದವನು ನಬೀಸಾಬ. ಸಂತೆಯಲ್ಲಿ ಅಪ್ಪನ ಎದುರಿಗೆ ಬಳೆಯ ಅಂಗಡಿ ಹಾಕುವವನು, ಮೂವತ್ತು ವರ್ಷ ಅಪ್ಪನ ಜೊತೆ ಜಗಳಾಡಿದವನು. ಭಾನುವಾರ ಸಂಜೆ ನನ್ನ ಮನೆಯ ಮುಂದೆ ನಿಂತು ಅತ್ತ. ಸೋಮವಾರ ಗುಲಬರ್ಗಾಕ್ಕೆ ಹೋಗಬೇಕಾದವಳು ಬೀದರದ ರೈಲು ಹತ್ತಿದೆ. ಹೆಣದ ಮೇಲೆ ಹೊದಿಸಲು ಹೊಸ ಬಟ್ಟೆಯನ್ನೂ ಕೊಂಡಿದ್ದೆವು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ವಾರ್ಡಿನ ಬಾಗಿಲಿಗೆ ಬಂದರೆ, ಅಪ್ಪ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದರು.

ನಬೀಸಾಬ ಬಾಗಿಲ ಚೌಕಟ್ಟು ಹಿಡಿದು ಕೂತುಬಿಟ್ಟ. ನಾನು ಒಳಗೆ ಹೋಗಲಿಲ್ಲ. ಹೋಗಿ ಏನು ಹೇಳಲಿ? ನಿಮ್ಮನ್ನು ಹೂಳಲು ಬಂದಿದ್ದೇನೆ ಎನ್ನಲೇ? ನೀನೆಲ್ಲಿ ಎಂದು ಕೇಳಿದೆ, ರಾತ್ರಿಯ ಪಾಳಿ ಮುಗಿಸಿ ಹೋಗಿದ್ದಾಳೆ ಎಂದರು.

ಪರೀಕ್ಷೆ ತಪ್ಪಿತು. ಇನ್ಸ್‌ಪೆಕ್ಟರರಿಗೆ ಅಪ್ಪ ತೀರಿದರೆಂದು ಬರೆಯಲೇ, ತೀರಲಿಲ್ಲವೆಂದು ಬರೆಯಲೇ, ನೀನೇ ಹೇಳು. ಆ ಕಾರ್ಡಿನ ಮೂಲೆ ಹರಿದದ್ದು ಯಾರು? ನೀನಲ್ಲವೆಂದು ಬರೆದರೆ ನಂಬುತ್ತೇನೆ. ನಂಬಬೇಕೆಂದೇ ಇದ್ದೇನೆ.

ಕೇಶರಬಾಯಿ


ಬೀದರ
12 ಮಾರ್ಚ್ 1957

ಕೇಶರ,

ನಾನೇ.

ಬಾಯಿಂದಾಗಲಿ ಬರವಣಿಗೆಯಿಂದಾಗಲಿ ತಿಳಿಸಕೂಡದು ಎಂದು ನೀನು ಆಣೆ ಹಾಕಿದ್ದೆ. ಫೆಬ್ರುವರಿ ಕೊನೆಗೆ ಕಾಕಾ ಮತ್ತೆ ಕಾರ್ಡು ಬರೆಸಿದರು: ಗುಣವಾಗಿದೆ, ಹಬ್ಬಕ್ಕೆ ಬರುತ್ತೇನೆ. ಬರೆದು ಡಬ್ಬಿಗೆ ಹಾಕಲು ಹೋದವಳು ಅಲ್ಲೇ ನಿಂತೆ. ಆವತ್ತು ಬೆಳಿಗ್ಗೆ ಅವರು ರಕ್ತ ವಾಂತಿ ಮಾಡಿಕೊಂಡಿದ್ದರು. ನಾಲ್ಕು ದಿನವೋ ನಲವತ್ತು ದಿನವೋ ಯಾರು ಬಲ್ಲರು? ಕಾರ್ಡಿನ ಮೂಲೆ ಹರಿದೆ. ಆಣೆಯಲ್ಲಿ ಹರಿಯಬೇಡ ಎಂದು ಇರಲಿಲ್ಲ ನೋಡು. ಹರಿದ ಮೇಲೆ ಹೆದರಿಕೆಯಾಯಿತು. ಅಂಚಿನಲ್ಲಿ ಸಣ್ಣದಾಗಿ ಸೇರಿಸಿದೆ: "ಕಾಕು, ಇನ್ನೂ ಇದ್ದಾರೆ, ನೋಡಬೇಕೆಂದರೆ ಕೂಡಲೇ ಬಾ." ಅಲ್ಲಿಗೆ ಆಣೆಯೂ ಮುರಿಯಿತು.

ಹನ್ನೊಂದು ವರ್ಷ ಊರು ಬಿಟ್ಟವಳಿಗೆ ಪದ್ಧತಿಯ ಅರ್ಧ ಮಾತ್ರ ನೆನಪಿತ್ತು. ಹರಿದ ಕಾರ್ಡು ಬಂದರೆ ಜನ ಇದ್ದ ಕೆಲಸ ಬಿಟ್ಟು ಹೊರಡುತ್ತಾರೆ ಎಂಬುದು ನೆನಪಿತ್ತು. ಅದನ್ನು ಯಾರೂ ಓದುವುದಿಲ್ಲ ಎಂಬುದು ಮರೆತಿತ್ತು. ನಮ್ಮ ಅಜ್ಜಿ ತೀರಿದ ಕಾರ್ಡನ್ನು ನಮ್ಮವ್ವ ಹೊಸ್ತಿಲಲ್ಲೇ ಹರಿದದ್ದನ್ನು ನಾನು ಕಣ್ಣಾರೆ ಕಂಡವಳು. ಆದರೂ ಮರೆತೆ.

ಡಾಕ್ಟರ್ ಸಾಹೇಬರಿಗೆ ನಾನೇ ಹೋಗಿ ಹೇಳಿದೆ. ಎಂಟು ದಿನ ವಾರ್ಡಿಗೆ ಬರಬೇಡ, ಸೂಜಿ ಕುದಿಸುತ್ತ ಕೂರು ಎಂದರು. ಕೂತಿದ್ದೇನೆ. ಬೈದರೆ ಹಗುರಾಗುತ್ತಿತ್ತು, ಬೈಯಲಿಲ್ಲ.

ನಿನ್ನ ಪರೀಕ್ಷೆಗೆ, ಕಾಕುನ ಕೈಗೆ, ನಾನು ಯಾವ ಕ್ಷಮೆ ಕೇಳಿದರೂ ಸಾಲದು. ಆದರೆ ಕೇಶರ, ಇದೊಂದನ್ನು ಯೋಚಿಸು. ಕಾಕಾ ಇನ್ನೂ ಇದ್ದಾರೆ. ಅವರಿಗೆ ಇನ್ನು ಬಸ್ಸಿನಲ್ಲಿ ಕೂರಲಾಗುವುದಿಲ್ಲ, ಆದ್ದರಿಂದ ಕಾಕುನೇ ಬರಬೇಕು. ಬೋಳು ಕೈಯಲ್ಲಿ ಬಂದರೆ ಕಾಕಾ ಬಾಗಿಲಲ್ಲೇ ಎಲ್ಲಾ ಓದಿಕೊಳ್ಳುತ್ತಾರೆ. ಬಳೆ ಇಟ್ಟುಕೊಂಡು ಬಾ ಎಂದು ನಾನು ಯಾವ ಬಾಯಿಂದ ಹೇಳಲಿ? ಬೇಗ ನಿರ್ಧರಿಸಿ. ಬೇಗ ಎಂಬ ಮಾತನ್ನು ಈ ಸಲ ಬರೆದೇ ತಿಳಿಸುತ್ತಿದ್ದೇನೆ.

ತಪ್ಪು ಮಾಡಿದ
ಕಾಂತಾಬಾಯಿ


ಔರಾದ
17 ಮಾರ್ಚ್ 1957

ಕಾಂತಾಬಾಯಿ,

ನಾನು ಇಲ್ಲಿಗೆ ಬಂದು ಮೂರು ದಿನ. ಗಂಡ ಜೀವಂತ ಇದ್ದಾನೆ ಎಂದು ನಬೀಸಾಬ ಬಂದು ಹೇಳಿದಾಗ ಅವ್ವ ನಗಲಿಲ್ಲ, ಅಳಲಿಲ್ಲ. ಕೈ ಎರಡನ್ನೂ ಸೆರಗಿನೊಳಗೆ ಮುಚ್ಚಿಕೊಂಡಳಂತೆ. ಈಗಲೂ ಹಾಗೇ ಕೂತಿರುತ್ತಾಳೆ.

ಓಣಿಯ ಹಿರಿಯರು ಸೇರಿದರು. ಒಮ್ಮೆ ತೆಗೆದ ಬಳೆಯನ್ನು ಮತ್ತೆ ಇಡುವುದು ಕೇಡು, ಅದರಿಂದಲೇ ವೈಜಿನಾಥ ಸಾಯುತ್ತಾನೆ ಎಂದರು. ಹೇಗೂ ಸಾಯುತ್ತಾರೆ ಎಂದು ನನ್ನ ಬಾಯಿ ತನಕ ಬಂದಿತ್ತು. ಅವ್ವ ಕೊನೆಗೆ ಎದ್ದು ನಿಂತಳು. "ಆಂವ ಉಸಿರಾಡಕತ್ತಾನ. ನಾ ಯಾಕ ಬೋಳಗೈಲೇ ಇರ್ಲಿ? ನನಗ ಬಳಿ ಇಡಿಸ್ರಿ" ಎಂದಳು. ಓಣಿಯಲ್ಲಿ ಯಾರೂ ಮುಂದೆ ಬರಲಿಲ್ಲ. ನಬೀಸಾಬನೇ ತನ್ನ ಪೆಟ್ಟಿಗೆ ತಂದು ಇಡಿಸಿದ. ಅಪ್ಪ ಇಡಿಸಿದ್ದಂಥವೇ, ಹಸಿರು, ಕೈಗೆ ಹನ್ನೆರಡು. ಮೋರಿಯ ಹತ್ತಿರ ಬಿದ್ದಿದ್ದ ಚೂರು ಹುಡುಕಿ ತಂದು ಬಣ್ಣ ಹೊಂದಿಸಿದ. ರೊಕ್ಕ ಮುಟ್ಟಲಿಲ್ಲ.

ಗುರುವಾರ ಬರುತ್ತೇವೆ. ಅವ್ವನಿಗೆ ನಾನು ಎಲ್ಲಾ ಹೇಳಿಲ್ಲ. ಕಾರ್ಡು ತಪ್ಪಿ ಹರಿದಿತ್ತು, ಅಪ್ಪನಿಗೆ ನಿಶ್ಶಕ್ತಿ ಇದೆ, ಗುಣವಾಗುತ್ತದೆ ಎಂದಷ್ಟೇ ಹೇಳಿದ್ದೇನೆ. ನೀನು ಬಾಯಿ ಮುಚ್ಚಿಕೊಂಡಿರು.

ಕೇಶರಬಾಯಿ


ಬೀದರ
25 ಮಾರ್ಚ್ 1957

ಕೇಶರ,

ಗುರುವಾರ ನೀನು ಮತ್ತೆ ಬಾಗಿಲಲ್ಲೇ ನಿಂತೆ. ಕಾಕು ಒಬ್ಬಳೇ ಒಳಗೆ ಬಂದಳು. ಒಳಗೆ ಏನಾಯಿತೆಂದು ನೀನು ಕೇಳಲಿಲ್ಲ, ಆದರೂ ಬರೆಯುತ್ತೇನೆ.

ಕಾಕು ಮಂಚದ ಪಕ್ಕದಲ್ಲಿ ಕೂತಳು. ಕಾಕಾ ಎಂದಿನಂತೆ ಮುಖ ನೋಡಲಿಲ್ಲ, ಕೈ ಹಿಡಿದು ಹತ್ತಿರ ಎಳೆದುಕೊಂಡರು. ಹೆಬ್ಬೆರಳಿನಿಂದ ಒಂದೊಂದೇ ಬಳೆ ಸರಿಸಿದರು. ನಾನು ಔಷಧಿ ಬಾಟಲಿ ಹಿಡಿದುಕೊಂಡು ಅಲ್ಲೇ ಇದ್ದೆ.

"ಇವು ನನ್ನವಲ್ಲ" ಎಂದರು.

"ನಬೀಸಾಬ ಇಡಿಸ್ಯಾನರಿ" ಎಂದಳು ಕಾಕು.

"ಹಳೇವು?"

"ಹೆಚ್ಚಾದವರಿ." ಬಳೆಗಾರರ ಮನೆಯಲ್ಲಿ ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತಾರೆ, ನಿನಗೆ ಗೊತ್ತೇ ಇದೆ.

"ಎರಡೂ ಕೈಯಾಗಿನವು? ಒಮ್ಮಿಗೇ?"

ಕಾಕು ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳಲು ಹೋದಳು. ಕಾಕಾ ಆಕೆಯ ಮಣಿಕಟ್ಟು ಹೊರಳಿಸಿ ನೋಡಿದರು. ಕಲ್ಲಿಗೆ ಕುಟ್ಟಿದಾಗ ತರಚಿದ ಗಾಯ ಇನ್ನೂ ಒಣಗಿರಲಿಲ್ಲ. ಅಂಥ ಗಾಯವನ್ನು ಅವರು ಎಷ್ಟು ಊರಲ್ಲಿ ಎಷ್ಟು ಕೈಯ ಮೇಲೆ ಕಂಡವರು. ಆ ಕೈಗಳಿಗೆ ಅವರು ಮತ್ತೆಂದೂ ಬಳೆ ಇಡಿಸಿರಲಿಲ್ಲ. ಬಹಳ ಹೊತ್ತು ಹೆಬ್ಬೆರಳನ್ನು ಆ ಗಾಯದ ಮೇಲೆ ಇಟ್ಟುಕೊಂಡಿದ್ದರು. ನಾನು ನಿಂತ ಕಡೆ ಒಮ್ಮೆ ನೋಡಿದರು. ಅಂಥ ನೋಟ ನನ್ನ ಮೇಲೆ ಈ ತನಕ ಬಿದ್ದಿರಲಿಲ್ಲ.

ಆಮೇಲೆ ನಕ್ಕರು ಕೇಶರ. "ನಬೀಸಾಬ ಬಳಿ ಇಡಿಸೂದು ಇನ್ನಾ ಕಲೀಲಿಲ್ಲ ನೋಡು, ಕೈ ತರಚ್ಯಾನ" ಎಂದರು. "ನನ್ನ ಗಡ್ಡಿ ತೆಗದಾರ. ಹಬ್ಬಕ್ಕ ಬರ್ತೇನಿ. ನೀ ಮನಿಗಿ ಹೋಗು, ಲಗ್ನದ ದಿನಾ ಬಂದಾವ, ಅಂಗಡಿ ಮುಚ್ಚಬ್ಯಾಡ." ಕಾಕು ಹೊಲಿಗೆ ಮುಟ್ಟಿ ನೋಡಿದಳು, ಆಕೆಯ ಮುಖ ಬೆಳಗಿತು. ನಾವಿಬ್ಬರೂ ಎರಡು ತಿಂಗಳು ಹೆಣಗಿ ಹೇಳಿದ ಸುಳ್ಳನ್ನು ಅವರು ಒಂದು ಗಳಿಗೆಯಲ್ಲಿ, ನಮಗಿಂತ ಚೆನ್ನಾಗಿ ಹೇಳಿದರು.

ಕಾಕು ಹೋದ ಮೇಲೆ ನನ್ನನ್ನು ಕರೆದರು. "ನಾ ಕೇಳಿದಾಗ ಹೇಳಿದ್ರ ಅಕಿ ಕೈಗಿ ಬಳಿ ಇಡಿಸಿ ಬರ್ತಿದ್ದೆ. ಈಗ ಅಕಿ ಕೈ ನೋಡಿ ತಿಳ್ಕೋಬೇಕಾಯ್ತು. ಹೋಗ್ಲಿ. ಅಕಿಗಿ ಹೇಳಬ್ಯಾಡ" ಎಂದರು. ಮತ್ತೊಂದು ಸುಳ್ಳು ನನ್ನ ಪಾಲಿಗೆ ಬಂತು. ಇದನ್ನು ಕೊಟ್ಟವರು ರೋಗಿಯೇ, ಆದ್ದರಿಂದ ಕಾಯ್ದೆ ಮುರಿದಂತಲ್ಲ.

ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ಕೂತು ಅತ್ತೆ. ಡಾಕ್ಟರ್ ಸಾಹೇಬರು ನೋಡಿ, ನೋಡದವರಂತೆ ಹೋದರು. ಕಾಕುನನ್ನು ಔರಾದದ ಬಸ್ಸು ಹತ್ತಿಸಿ ನೀನು ಆಗಲೇ ರೈಲು ಹತ್ತಿದ್ದೆ.

ಕಾಂತಾಬಾಯಿ


ಔರಾದ
11 ಏಪ್ರಿಲ್ 1957

ಕಾಂತಾಬಾಯಿ,

ಅಪ್ಪನನ್ನು ಮಣ್ಣು ಮಾಡಿ ನಾಲ್ಕು ದಿನವಾಯಿತು. ನೀನು ಶನಿವಾರ ಬಸ್ಸಿನ ಕಂಡಕ್ಟರನ ಕೈಯಲ್ಲಿ ಔರಾದಕ್ಕೆ ಕಳಿಸಿದ ಮೂಲೆ ಹರಿದ ಕಾರ್ಡು ಅದೇ ಸಂಜೆ ಮುಟ್ಟಿದೆ. ಭಾನುವಾರ ಮಧ್ಯಾಹ್ನದ ತನಕ ಬೀದರದಲ್ಲಿ ನಾವು ಊರಿನವರಿಗಾಗಿ ಕಾದೆವಲ್ಲ, ಯಾಕೆ ಒಬ್ಬರೂ ಬರಲಿಲ್ಲವೆಂದು ಈಗ ಗೊತ್ತಾಯಿತು. ಈ ಸಲ ಆ ಕಾರ್ಡನ್ನು ಹೊಸ್ತಿಲಲ್ಲಿ ಯಾರೂ ಹರಿಯಲಿಲ್ಲ. ಅವ್ವನೇ ಖಾಜಾ ಮಿಯಾನನ್ನು ಕರೆಸಿ ಓದಿಸಿದ್ದಾಳೆ. ಓದಿ ಮುಗಿಸಿದ ಮೇಲೆ, "ಆ ನರ್ಸ್ ಮೊದಲೂ ಹಿಂಗೇ ಕಳಿಸಿದ್ದಳು" ಎಂದು ಗೋಡೆಯ ಮಾಡದಲ್ಲಿ ಇಟ್ಟಿದ್ದಾಳೆ. ಓಣಿಯವರೂ ನಕ್ಕು ಎದ್ದು ಹೋದರಂತೆ.

ನಾನು ಬಂದು ಹೇಳಿದೆ. ಗೋರಿಯ ಮಣ್ಣು ಸೆರಗಿನಲ್ಲಿ ಕಟ್ಟಿ ತಂದಿದ್ದೆ, ಬಿಚ್ಚಿ ತೋರಿಸಿದೆ. "ಜನವರಿದಾಗ ಗುಣಾ ಆಗ್ಯಾರ ಅಂದಿ. ಹರಿದ ಕಾರ್ಡ ಬಂದಾಗ ತಪ್ಪಿ ಹರದಿತ್ತು ಅಂದಿ. ಈಗ ಮಣ್ಣ ತಂದೀದಿ. ಮಣ್ಣು ಎಲ್ಲಿ ಸಿಗೂದಿಲ್ಲವ್ವಾ?" ಎಂದಳು. ನಾನು ಅಳುತ್ತಿದ್ದರೆ ನನಗೇ ನೀರು ತಂದುಕೊಟ್ಟಳು.

ದಿನಾ ಬೆಳಿಗ್ಗೆ ಅಂಗಡಿ ತೆಗೆಯುತ್ತಾಳೆ. ಹಬ್ಬಕ್ಕೆ ಅಪ್ಪ ಬರುತ್ತಾರೆಂದು ಗೋಡೆಗೆ ಸುಣ್ಣ ಹಚ್ಚಿಸುತ್ತಿದ್ದಾಳೆ. ಕೈಯಲ್ಲಿ ಆ ಹಸಿರು ಬಳೆ ಹಾಗೇ ಇವೆ. ಓಣಿಯವರಿಗೆ ಈಗ ನಿಜ ತಿಳಿದಿದೆ. ಹಿರಿಯರು ಸೋಮವಾರ ಬಂದು ಬಲವಂತವಾಗಿ ತೆಗೆಸುತ್ತೇವೆ ಎನ್ನುತ್ತಿದ್ದಾರೆ. ಮತ್ತೊಮ್ಮೆ ಆ ಕಲ್ಲಿಗೆ ಆ ಕೈ ಕುಟ್ಟುವುದನ್ನು ನಾನು ನೋಡಲಾರೆ.

ಮಣ್ಣು ಮಾಡುವ ದಿನ, ಹೆಣ ಮುಟ್ಟಬೇಡ ಎಂದು ನಿನಗೆ ಹೇಳಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದಲ್ಲ. ಬೇರೆ ಯಾರನ್ನು ಕೇಳಬೇಕೋ ತಿಳಿಯದೆ ಕೇಳುತ್ತಿದ್ದೇನೆ. ಅವ್ವ ಯಾಕೆ ನಂಬುತ್ತಿಲ್ಲ?

ಕೇಶರ


ಬೀದರ
13 ಏಪ್ರಿಲ್ 1957

ಕೇಶರ,

ಈ ಪತ್ರವನ್ನು ಇವತ್ತಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತೇನೆ. ನಾನು ನಾಳೆ ಅದೇ ಬಸ್ಸಿಗೆ ಬರುತ್ತೇನೆ. ಸೋಮವಾರದ ಒಳಗೆ ಮುಟ್ಟಬೇಕು.

ಹಿಂದಿನ ಪತ್ರದಲ್ಲಿ ಒಂದು ಸಂಗತಿ ಬರೆದಿರಲಿಲ್ಲ. ಕಾಕು ಹೊರಡುವಾಗ ಕಾಕಾ ಹೇಳಿದ್ದರು: "ಇವನ್ನ ತೆಗೀಬ್ಯಾಡ. ಯಾರು ಏನೇ ಹೇಳ್ಲಿ, ನಂಬಬ್ಯಾಡ. ನಾ ಬಂದು ನನ್ನ ಕೈಲೇ ತಗದು ಹೊಸಾವು ಇಡಿಸ್ತೇನಿ." ಇನ್ನೊಮ್ಮೆ ಆಕೆಯ ಕೈ ಕಲ್ಲಿಗೆ ಹೋಗಬಾರದೆಂದು ಹಾಗೆ ಹೇಳಿದರು. ಕಾಕು ನಂಬಿರುವುದು ನಮ್ಮಿಬ್ಬರ ಸುಳ್ಳನ್ನಲ್ಲ, ಗಂಡನ ಮಾತನ್ನು.

ಹಾಗೆ ಹೇಳಿ, ಇದು ಸಡಿಲವಾಗಿದೆ ಎಂದು ಆಕೆಯ ಎಡಗೈಯಿಂದ ಒಂದು ಬಳೆಯನ್ನು ಮೆಲ್ಲಗೆ ಜಾರಿಸಿ ತೆಗೆದುಕೊಂಡರು. ಸಾಯುವ ಹಿಂದಿನ ದಿನ ಅದನ್ನು ದಿಂಬಿನ ಕೆಳಗಿಂದ ತೆಗೆದು ನನ್ನ ಕೈಗೆ ಕೊಟ್ಟರು. "ನಾ ಹೋದಮ್ಯಾಗ ಅಕಿಗಿ ಕೊಡು. ಉಳದವನ್ನೂ ಹಿಂಗೇ ತೆಗೀಬೇಕು, ಒಡೀಬಾರದು ಅಂತ ನಾ ಹೇಳೀನಿ ಅನ್ನು. ಕಾರ್ಡ ಕಳಿಸಬ್ಯಾಡ. ನೀನೇ ಹೋಗು. ಎದುರಿಗಿ ಕೂತು ಹೇಳು" ಎಂದರು. ನಲವತ್ತು ವರ್ಷದಲ್ಲಿ ಒಡೆಯುವುದು ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲಿರಬೇಕು.

ಆದರೂ ಅವಸರಕ್ಕೆ ಶನಿವಾರ ಕಾರ್ಡನ್ನೇ ಕಳಿಸಿದೆ; ಮಣ್ಣು ಮಾಡುವ ದಿನವಾದರೂ ನಾನೇ ಹೊರಡಬೇಕಿತ್ತು. ನೀನು ಹೆಣ ಮುಟ್ಟಬೇಡ ಎಂದದ್ದಕ್ಕೆ ಸಿಟ್ಟು ಮಾಡಿಕೊಂಡು ಕೂತೆ. ನಿಜ ಹೇಳಬೇಕೆಂದರೆ ಸಿಟ್ಟು ನೆಪ, ನನಗೆ ಹೆದರಿಕೆಯಾಗಿತ್ತು. ಮುನವ್ವರ ಬೇಗಂ ಗೋಡೆಗೆ ಮುಖ ಮಾಡಿದ್ದು ಕಣ್ಣ ಮುಂದೆ ಬರುತ್ತದೆ. ಅವಳಿಗೆ ನಿಜ ಹೇಳಿ ಗಂಜಿಯ ಹೊತ್ತಾಯಿತೆಂದು ಎದ್ದು ಹೋಗಿದ್ದೆ. ಆ ಎಂಟು ದಿನ ಅವಳ ಹತ್ತಿರ ಒಂದು ಗಳಿಗೆ ಕೂರಲಿಲ್ಲ. ನನ್ನ ತಪ್ಪು ಹೇಳಿದ್ದಲ್ಲ, ಎದ್ದು ಹೋದದ್ದು ಎಂದು ಈಗ ತಿಳಿಯುತ್ತಿದೆ.

ಬಳೆಯನ್ನು ಹತ್ತಿಯಲ್ಲಿ ಸುತ್ತಿ ಔಷಧಿಯ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎಂಟು ದಿನ ರಜೆ ಹಾಕಿದ್ದೇನೆ. ಹಿರಿಯರು ಬರುವ ಮೊದಲು ಕಾಕುನ ಎದುರಿಗೆ ಕೂರುತ್ತೇನೆ, ಬಳೆ ಅವಳ ಕೈಗೆ ಕೊಟ್ಟು ಬಾಯಿ ಬಿಟ್ಟು ಹೇಳುತ್ತೇನೆ, ಹೇಳಿದ ಮೇಲೆ ಏಳುವುದಿಲ್ಲ. ನೀನೂ ಈ ಸಲ ಬಾಗಿಲಲ್ಲಿ ನಿಲ್ಲಬೇಡ. ಇನ್ನೊಂದು ಕೈಯ ಬಳೆ ತೆಗೆಯಲು ಒಬ್ಬರು ಬೇಕು.

ಕಾಂತಾ